ಮೂರನೆಯ ಹೊಳೆ

ಅಂಬಿಗನನ್ನು ಅಳಿಸಿದವಳು ನಾನೇ.
ಹನ್ನೊಂದು ಸಾಲು ಕೋಡು, ಒಂದು ಮಧ್ಯಾಹ್ನದ ಕೆಲಸ.
ಡಿಸ್ಕು ನಮ್ಮದಲ್ಲವೆಂದು ತಿಳಿದರೆ
ಆಟ ನಿಲ್ಲಕೂಡದು, ಬೈಯಕೂಡದು,
ಎರಡು ಊರು, ಎರಡು ಹೊಳೆ ದಾಟಲು ಬಿಟ್ಟು
ಮೂರನೆಯದರ ದಡಕ್ಕೆ
ದೋಣಿಯನ್ನಷ್ಟೇ ಕಳಿಸದೆ ಇರಬೇಕು.
ಹಿನೆಕ್ ನಕ್ಕ: 'ಝ್ದೆನಾ, ದೇವರಿಗೂ ಇಷ್ಟು ತಾಳ್ಮೆಯಿಲ್ಲ.'

ಬ್ರನೋದಲ್ಲಿ, ಹಲ್ಲಿನ ಡಾಕ್ಟರ ಮೇಲಿನ ಮಹಡಿ.
ನಾಲ್ಕು ಜನ, ಮೂರು ಕಂಪ್ಯೂಟರು.
ಕೆಳಗೆ ಡ್ರಿಲ್ಲು ಕೊರೆದಾಗಲೆಲ್ಲ
ಅಂಬಿಗನ ದನಿಯ ರೆಕಾರ್ಡಿಂಗು ನಿಲ್ಲುತ್ತಿತ್ತು.
ಆ ದನಿ ನನ್ನ ಮಾವನವರದು, ನಿವೃತ್ತ ಟ್ರಾಮ್ ಚಾಲಕರು;
'ಹತ್ತಿ ಹತ್ತಿ, ಒಳಗೆ ಸರಿದುಕೊಳ್ಳಿ' ಎಂಬುದನ್ನು
ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

'ಉಪ್ಪಿನ ದಾರಿ', ಡಬ್ಬಿಗೆ ಒಂಬೈನೂರ ತೊಂಬತ್ತು ಕೊರುನಾ.
ಭಾನುವಾರದ ಸಂತೆಯಲ್ಲಿ, ಕಾಲುಚೀಲ ಬ್ಯಾಟರಿಗಳ ನಡುವೆ
ಅದೇ ಆಟ ಅರವತ್ತಕ್ಕೆ,
ಜೊತೆಗೆ ಇನ್ನೆರಡು ಪುಕ್ಕಟೆ.
ನಮ್ಮ ಬಿಡುಗಡೆಗೆ ಇನ್ನೂ ಐದು ದಿನವಿತ್ತು.
ಮಾರುವ ಹುಡುಗ ನನಗೇ ಹೇಳಿದ:
'ತಗೊಳ್ಳಿ ಮೇಡಂ, ನಮ್ಮ ದೇಶದವರೇ ಮಾಡಿದ್ದು,
ನಾವಲ್ಲದೆ ಇನ್ಯಾರು ಪ್ರೋತ್ಸಾಹ ಕೊಡಬೇಕು?'

ಮಾರಾಟವಾದ ಡಬ್ಬಿ ಎರಡು ಸಾವಿರದ ನೂರ ಆರು.
ಅಂಬಿಗ ಬರಲಿಲ್ಲವೆಂದು ಬಂದ ಕಾಗದಗಳನ್ನು
ಮೂರು ಸಾವಿರದ ಮೇಲೆ ನಾವು ಎಣಿಸಲಿಲ್ಲ.

ಕ್ಲಾದ್ನೊದ ಬ್ಯಾಂಕ್ ಗುಮಾಸ್ತನೊಬ್ಬ
ಗ್ರಾಹಕನ ಹಕ್ಕು ಎಂದು ಎರಡು ಪುಟ ಟೈಪು ಮಾಡಿದ್ದ.
ಕಳ್ಳನಿಗೊಂದು ಪಿಳ್ಳೆ ನೆವ ಎಂದು ಓದಿ ಓದಿ ನಕ್ಕೆವು,
ಮೊದಲ ನೂರು ಕಾಗದದವರೆಗೆ.
ಆಮೇಲೆ ಒಬ್ಬ ಮೇಷ್ಟ್ರು ದಡದ ನಕ್ಷೆ ಬರೆದು ಕಳಿಸಿದರು,
ಎತ್ತಿ ನೋಡಿದ ಪ್ರತಿ ಕಲ್ಲಿಗೂ ಕೆಂಪು ಗುರುತು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?
ಸರಿಯೇ. ದುಡ್ಡು ಕೊಟ್ಟು ದಾಟಿದವರಲ್ಲಿ
ನಮಗೆ ಬರೆದವರು ಹದಿನಾಲ್ಕು ಜನ.
ಅವನ ಹೆಸರೇನೆಂದು ಕೇಳಿದವರೆಲ್ಲ
ಈಚೆ ದಡದವರು.

ಒಸ್ತ್ರಾವಾದಿಂದ ಲಿಬ್ಯೆನಾ, ಗೆರೆ ಹಾಕಿದ ಹಾಳೆ, ಪೆನ್ಸಿಲ್ಲು:
'ಅಪ್ಪನಿಗೆ ರಾತ್ರಿ ಪಾಳಿ, ಕುಲುಮೆಯಲ್ಲಿ.
ನಾನು ಹೊಳೆಯ ಹತ್ತಿರ ನಿಂತೇ ಇದ್ದೆ.
ಆಟದಲ್ಲಿ ಮೂರು ಸಲ ಬೆಳಗಾಯಿತು.
ಮೀನು ಹಾರುತ್ತವೆ, ಒಂದರ ಬಾಲ ಹರಿದಿದೆ.
ಅಂಬಿಗನಿಗೆ ಜ್ವರವಾ?'

ಆ ಮೀನುಗಳನ್ನು ಬಿಡಿಸಲು ಹಿನೆಕ್‌ಗೆ ಆರು ವಾರ ಹಿಡಿದಿತ್ತು.
ಹರಿದ ಬಾಲ ಅವನ ಗುಟ್ಟು;
ಬೇಗ ದಾಟಿದ ಯಾರಿಗೂ ಕಂಡಿರಲಿಲ್ಲ.
ಕಾಗದ ಓದಿ ಮಡಿಸಿ ಇಟ್ಟ:
'ಅರವತ್ತು ಕೊರುನಾದ ಮೀನು. ಎಣಿಸಲಿ ಬಿಡು.'
ಆ ಚಳಿಗಾಲ ಅವನ ಮಗಳು ಅಣ್ಣನ ಹಳೇ ಬೂಟು ಹಾಕಿಕೊಂಡು
ಶಾಲೆಗೆ ಹೋಗುತ್ತಿದ್ದಳು.
ನಾನು ಮಾತು ಬೆಳೆಸಲಿಲ್ಲ.

ಮಾರ್ಚಿಯಲ್ಲಿ ಬಾಗಿಲು ಹಾಕಿದೆವು.
ಬಾಡಿಗೆ ಬಾಕಿಗೆ ಕಂಪ್ಯೂಟರುಗಳನ್ನು ಡಾಕ್ಟರೇ ಇಟ್ಟುಕೊಂಡರು.
ಈಗ ನಾನು ಗೋದಾಮುಗಳ ಲೆಕ್ಕಕ್ಕೆ ಪ್ರೋಗ್ರಾಮು ಬರೆಯುತ್ತೇನೆ,
ಎಷ್ಟು ಮೂಟೆ ಬಂತು, ಎಷ್ಟು ಹೋಯಿತು.
ಅದನ್ನು ಯಾರೂ ಕದಿಯುವುದಿಲ್ಲ.

ಕೊನೆಯ ಸಂಜೆ, ತಂತಿಗಳನ್ನು ಸುತ್ತಿಡುವ ಮೊದಲು
ಆ ಹನ್ನೊಂದು ಸಾಲು ತೆಗೆದು
ಅಂಬಿಗನನ್ನು ಒಂದು ಫ್ಲಾಪಿಗೆ ಹತ್ತಿಸಿದೆ.
ಹಿನೆಕ್‌ಗೆ ಹೇಳಲಿಲ್ಲ. ಅಂಚೆಚೀಟಿಯ ದುಡ್ಡು ನನ್ನದೇ.
ಒಸ್ತ್ರಾವಾದಿಂದ ಉತ್ತರ ಬರಲಿಲ್ಲ.

ದಾಟಿರಬೇಕು.