ರಸಮಟ್ಟ

ರಸಮಟ್ಟವನ್ನೂ ಕೇಳಲು ನಾಚಿಕೆಯಾಗಿ
ಬರೀ ಡ್ರಿಲ್ಲು ಇಸಕೊಂಡು ಬಂದೆ ಮಂಜಾಚಾರರಿಂದ.
ಹಾಸನದ ಧನುರ್ಮಾಸ; ಬೆಳಗಿನ ಏಳು ಗಂಟೆ.
ರಾತ್ರಿಯೆಲ್ಲ ಉರುಳಿಬಿದ್ದಿದ್ದ ಕೊಬ್ಬರಿಎಣ್ಣೆ ಬಾಟಲಿಯನ್ನೇ
ಹಲಗೆಯ ಮೇಲೆ ಅಡ್ಡ ಮಲಗಿಸಿದರೆ
ಗುಳ್ಳೆ ನಟ್ಟನಡುವೆ.
ಅಲುಗಲಿಲ್ಲ, ಮಿಸುಕಲಿಲ್ಲ.
ಎಂಥ ಕೈ ನನ್ನದು! ಅಂದುಕೊಂಡು
ನಾಲ್ಕು ತೂತು ಕೊರೆದೆ.
ಮೂಗಿನ ತುಂಬ ಇಟ್ಟಿಗೆ ಪುಡಿ, ತಲೆಗೂದಲೆಲ್ಲ ಸುಣ್ಣ;
ಒಂದು ಸ್ಕ್ರೂ ಇವತ್ತಿಗೂ ಸೋಫಾದಡಿ ಎಲ್ಲೋ ಇದೆ.

ಹನ್ನೊಂದಕ್ಕೆ ಬಿಸಿಲು ಕಿಟಕಿ ದಾಟಿತು.
ಹೆಪ್ಪುಗಟ್ಟಿದ್ದ ಎಣ್ಣೆ ಕರಗಿ
ಗುಳ್ಳೆ ಮೆಲ್ಲಗೆ ಹೊರಟಿತು ಬಲಕ್ಕೆ,
ಈಗಷ್ಟೇ ಎದ್ದವರ ಹಾಗೆ.

ಸಂಜೆ ಡ್ರಿಲ್ಲಿಗೆ ಬಂದ ಆಚಾರರು
ಒಂದು ಕಣ್ಣು ಮುಚ್ಚಿ ನೋಡಿದರು ಹಲಗೆಯನ್ನ.
ಅಲ್ಲಿಟ್ಟ ನಿಂಬೆಹಣ್ಣು ಎಡಕ್ಕುರುಳಿತು; ಹಿಡಕೊಂಡರು.
ಆಮೇಲೆ ತಲೆಯನ್ನು ಒಂದಿಷ್ಟು ಓರೆ ಮಾಡಿ,
"ಈಗ ಸರಿಯಾಗೈತೆ, ಬಿಡಿ" ಅಂದರು.