ಎಪ್ಪತ್ತೈದು, ತೊಂಬತ್ತೈದು

ಮೇಲೆ, ಮೋಡದಾಚೆ, ನಾವೆಲ್ಲ ಒಂದೇ ಸುಳ್ಳು ಹೇಳುತ್ತೇವೆ:
ಸಾವಿರದ ಹದಿಮೂರು.
ಲಿಸ್ಬನ್ನಿಗೆ ಹೊರಟವನೂ ಅದನ್ನೇ, ಓಸ್ಲೋದಿಂದ ಬಂದವಳೂ ಅದನ್ನೇ
ಗಾಜಿನ ಹಿಂದೆ ಕೂರಿಸಿಕೊಂಡು ಹಾರುತ್ತೇವೆ.
ಗಾಳಿಯ ಭಾರ ನಿಜವಾಗಿ ಅಷ್ಟಿರಬೇಕಾಗಿಲ್ಲ.
ಎಲ್ಲರ ಸುಳ್ಳೂ ಒಂದೇ ಆದ್ದರಿಂದ
ಯಾರಿಗೆ ಯಾರೂ ಡಿಕ್ಕಿ ಹೊಡೆಯುವುದಿಲ್ಲ.

ಇಳಿಯುವಾಗ ಮಾತ್ರ ಕೇಳಬೇಕು, ಆಯಾ ಊರಿನ ಸತ್ಯ.

ಅವತ್ತು ವಾಗರ್ ದ್ವೀಪದ ಸತ್ಯ
ಒಂಬೈನೂರ ಎಪ್ಪತ್ತೈದು.
ಹೇಳಿದವನು ಗೋಪುರದ ಹಾನುಸ್. ನೆಗಡಿಯ ದನಿ. ಎರಡು ಸಲ ಹೇಳಿದ.
ನಾನೂ ತಿರುಗಿ ಹೇಳಿದೆ, ಒಂದೊಂದೇ ಅಂಕೆ, ತಪ್ಪಿಲ್ಲದೆ.
ಧ್ವನಿಮುದ್ರಣದಲ್ಲಿದೆ; ಆಮೇಲೆ ಕೂರಿಸಿ ಮೂರು ಸಲ ಕೇಳಿಸಿದರು.
ಬಾಯಿ ಎಪ್ಪತ್ತೈದು ಅನ್ನುತ್ತಿರುವಾಗಲೇ
ಕೈ ಗುಂಡಿ ತಿರುವಿ
ತೊಂಬತ್ತೈದಕ್ಕೆ ನಿಲ್ಲಿಸಿತ್ತು.

ಯಾಕೆ? ಹಿಂದಿನ ದಿನ ತೊಂಬತ್ತೈದಿತ್ತು, ಅದಕ್ಕಿರಬಹುದು.
ಗಾಳಿ ಅಷ್ಟು ಕುಸಿದೀತೆಂದು ಕೈ ನಂಬಲಿಲ್ಲ, ಅದೂ ಇರಬಹುದು.
ವಿಚಾರಣೆಯ ನಮೂನೆಯಲ್ಲಿ ‘ಕಾರಣ’ ಎಂಬ ಕಾಲಂ
ನನ್ನ ಹೆಬ್ಬೆರಳಿಗಿಂತ ಚಿಕ್ಕದು.

ಕ್ಯಾಪ್ಟನ್ ಡಾಗ್‌ಫಿನ್ ಆಗ ಮಂಜು ಕವಿದ ಓಡುದಾರಿಯ ಚಿಂತೆಯಲ್ಲಿದ್ದ.
ನನ್ನ ಗಾಜು ನೋಡಿ ತನ್ನದನ್ನೂ ತಿರುವಿದ.
ನಿಯಮದಂತೆ ಹೋಲಿಸಿದೆವು. ಎರಡೂ ತಾಳೆಯಾದವು.
ಆಗದೆ ಏನು?
ಕನ್ನಡಿ ಕನ್ನಡಿಯನ್ನೇ ಸಾಕ್ಷಿಗೆ ಕರೆದಿತ್ತು.

ಇಪ್ಪತ್ತರ ವ್ಯತ್ಯಾಸ. ಅಂಗಡಿಯಲ್ಲಾದರೆ ಚಿಲ್ಲರೆ ಇಲ್ಲವೆಂದು ಬಿಟ್ಟುಬಿಡುವಷ್ಟು.
ಗಾಳಿಯಲ್ಲಿ ಅದು ಐನೂರ ಅರವತ್ತು ಅಡಿ.

ಬೆನ್ನ ಹಿಂದೆ ನೂರ ಹನ್ನೊಂದು ಜನ.
ಒಂದು ಮಗು ಕಿವಿನೋವಿಗೆ ಅಳುತ್ತಿತ್ತು. ನನಗದು ಕೇಳುತ್ತಿತ್ತೋ,
ಈಗ ಕೇಳಿಸಿಕೊಳ್ಳುತ್ತಿದ್ದೇನೋ.
ಕಿಟಕಿಯ ಹೊರಗೆ ಹಾಲಿನಂಥ ಏನೂ ಇಲ್ಲದಿರುವಿಕೆ.
ಗಾಜು ಹೇಳಿತು: ಸಾವಿರದ ಅರವತ್ತು.
ಆಗ ಇನ್ನೊಂದು ಪೆಟ್ಟಿಗೆ, ಯಾವ ಊರಿನ ಸತ್ಯವೂ ಬೇಡದ್ದು,
ನೀರಿಗೆ ಅಲೆ ಎಸೆದು ಮರಳುವ ಹೊತ್ತನ್ನಷ್ಟೇ ಎಣಿಸುವಂಥದ್ದು,
ಭಾವವಿಲ್ಲದ ಗಂಡು ದನಿಯಲ್ಲಿ ಅಂದಿತು:
ಐನೂರು.

ಡಾಗ್‌ಫಿನ್ ಏನೂ ಕೇಳಲಿಲ್ಲ. ಕೈ ಮುಂದೊತ್ತಿದ.
ಎಂಜಿನ್ನುಗಳು ಒಂದು ಕ್ಷಣ ಯೋಚಿಸಿದವು.
(ಆ ಕ್ಷಣದ ಬಗ್ಗೆ ನಾನು ಬರೆಯುವುದಿಲ್ಲ.)
ಮೂಗು ಎದ್ದಿತು.
ಪ್ರಯಾಣಿಕರಿಗೆ ಅವನು ಹವಾಮಾನ ಎಂದ. ಅದೂ ಪೂರ್ತಿ ಸುಳ್ಳಲ್ಲ.

ಸಂಜೆ ಗೋಪುರಕ್ಕೆ ಫೋನ್ ಬಂತಂತೆ.
ಓಲುವಾ ಎಂಬ ಮುದುಕಿ, ತಪ್ಪಿಸಿಕೊಂಡ ಟಗರು ಹುಡುಕಿ ಗುಡ್ಡ ಹತ್ತಿದ್ದವಳು:
‘ಅರವತ್ತು ವರ್ಷ ವಿಮಾನದ ಹೊಟ್ಟೆ ನೋಡಿದ್ದೇನೆ,
ಇವತ್ತು ಮಂಜು ಸೀಳಿದಲ್ಲಿ ಬೆನ್ನು ಕಂಡೆ. ಯಾಕೆ?’
ಹಾನುಸನ ಬಳಿ ಉತ್ತರವಿರಲಿಲ್ಲ.

ನಾನೇ ಹೋದೆ, ತಿಂಗಳು ಬಿಟ್ಟು, ಉತ್ತರ ಕೊಡಲು.
ಅವಳು ಹುದುಗಿಸಿದ ಕುರಿಮಾಂಸ ಕೊಯ್ದಿಟ್ಟಳು, ರುಬಾರ್ಬ್ ಜಾಮ್ ಕೊಟ್ಟಳು.
ಪಡಸಾಲೆಯಲ್ಲಿ ಅವಳ ಅಪ್ಪನ ದೋಣಿಯಿಂದ ಬಿಚ್ಚಿ ತಂದ ಒತ್ತಡಮಾಪಕ,
ಹಿತ್ತಾಳೆ ಕಪ್ಪಾಗಿದೆ, ಗಾಜಿನಲ್ಲಿ ಕೂದಲೆಳೆಯ ಬಿರುಕು.
‘ಆ ದಿನ ಇದು ಎಪ್ಪತ್ತೈದು ತೋರಿಸುತ್ತಿತ್ತು,’ ಅಂದಳು,
ದೂರಲ್ಲ, ಹಾಲು ಒಡೆದಿತ್ತು ಅಂದಂತೆ.

ನಾನು ನಡೆದದ್ದೆಲ್ಲ ಹೇಳಿದೆ. ಬಾಯಿ, ಕೈ, ಎರಡು ಗಾಜು.
ಅವಳು ಬಹಳ ಹೊತ್ತು ನನ್ನ ಬಲಗೈಯನ್ನೇ ನೋಡಿದಳು,
ಯಾರೋ ಬಿಟ್ಟುಹೋದ ಕೈಗವಸು ನೋಡುವಂತೆ.
ಆಮೇಲೆ ಎದ್ದು, ಬೆರಳ ಗೆಣ್ಣಿನಿಂದ ಗಾಜನ್ನು ಮೆಲ್ಲಗೆ ತಟ್ಟಿದಳು.
ಮುಳ್ಳು ಚೂರು ನಡುಗಿ, ಕೂದಲಷ್ಟು ಸರಿದು ನಿಂತಿತು.
‘ಅಪ್ಪ ಹೀಗೇ ಮಾಡುತ್ತಿದ್ದ, ದೋಣಿ ನೀರಿಗಿಳಿಸುವ ಮುಂಚೆ.
ಕೆಲವು ಸಲ ಮುಳ್ಳಿಗೂ ನಿದ್ದೆ ಹತ್ತಿರುತ್ತೆ.’

ಟಗರು ಸಿಕ್ಕಿತಾ, ಕೇಳಿದೆ.
ಇಲ್ಲ, ಅಂದಳು.

ಈಗ ಅಂಕೆ ಕೇಳಿದ ಮೇಲೆ ಗುಂಡಿ ತಿರುವುತ್ತೇನೆ,
ಕೈಯನ್ನು ತೊಡೆಯ ಮೇಲಿಟ್ಟುಕೊಂಡು
ಅಪರಿಚಿತರ ಕೈಬರಹ ಓದುವಂತೆ
ಅದು ಏನು ಮಾಡಿದೆಯೆಂದು ಓದುತ್ತೇನೆ.