ನೀರು ಹದಿನಾರು

ಬೆಳಗಿನ ಐದಕ್ಕೆ ಬಾಗಿಲು ತೆಗೆದು
ಮೊದಲು ಒಲೆಗೆ ಕಾಫಿ, ಆಮೇಲೆ ಸಮುದ್ರಕ್ಕೆ ಥರ್ಮಾಮೀಟರು.
ಹಗ್ಗ ಕಟ್ಟಿ ಇಳಿಬಿಟ್ಟು, ನೂರು ಎಣಿಸಿ ಎಳೆದುಕೊಂಡರೆ
ಹದಿನಾರು.
ಜುಲೈ ತಿಂಗಳು. ಒಳನಾಡಿನಲ್ಲಿ ನಲವತ್ತು ಡಿಗ್ರಿಗೆ
ಕೊಕ್ಕರೆಗಳು ಗೂಡಲ್ಲೇ ಬಾಯಿ ತೆರೆದು ಕೂತಿವೆಯಂತೆ.
ಇಲ್ಲಿ ಮೊಣಕಾಲುದ್ದ ಇಳಿದವನ ಹಲ್ಲು ಕಟಕಟ.

ಎಲ್ಲ ಬಡಗಣ ಗಾಳಿಯ ಕಿತಾಪತಿ.
ನೊರ್ತಾದಾ ಅನ್ನುತ್ತೇವೆ, ಅತ್ತೆಯ ಹೆಸರು ಹೇಳುವ ಹಾಗೆ, ಹಲ್ಲು ಕಚ್ಚಿ.
ಮಧ್ಯಾಹ್ನ ಬಂದು, ಮೇಲಿನ ಬೆಚ್ಚನೆ ನೀರನ್ನು
ಅಟ್ಲಾಂಟಿಕ್ಕಿನಾಚೆ ಗುಡಿಸಿಬಿಡುತ್ತದೆ.
ತಳದ ತಣ್ಣೀರು ಎದ್ದು ಬರುತ್ತದೆ,
ಗಾಜಿನಷ್ಟು ತಿಳಿ.
ಮೀನಿಗೆ ನಿಮ್ಮ ದಾರವೂ ಕಾಣುತ್ತದೆ, ನಿಮ್ಮ ಆಸೆಯೂ.

ಅಂಗಡಿ ಮುಂದೆ ಕಪ್ಪು ಹಲಗೆ. ಸೀಮೆಸುಣ್ಣದಲ್ಲಿ ಬರೆಯುತ್ತೇನೆ:
ಗಾಳಿ ಉತ್ತರ, ಮಧ್ಯಾಹ್ನ ಜೋರು.
ಅಲೆ ಒಂದೂವರೆ ಮೀಟರು. ಭರತ ಏಳೂ ನಲವತ್ತಕ್ಕೆ.
ಪಾಚಿ ಬಹಳ, ದಾರಕ್ಕೆ ಜಡೆ ಹೆಣೆಯುತ್ತದೆ.
ನಿನ್ನೆ: ಸಾರ್ಗೊ ಎರಡು, ಅಂಗೈಯಗಲ.
ಸಾಲೆಮಾ ಒಂದು, ಬೆಕ್ಕಿಗೆ ಹೋಯಿತು.

ಇದನ್ನು ಓದಲು ಲಿಸ್ಬನ್ನಿನಿಂದ ಬರುತ್ತಾರೆ,
ಕಾರಿನ ತಲೆಗೆ ಐದು ಮೀಟರಿನ ಕೋಲು ಬಿಗಿದುಕೊಂಡು,
ಹಲ್ಲಿನ ಡಾಕ್ಟರು, ಬ್ಯಾಂಕಿನವರು, ಅವರ ತೂಕಡಿಸುವ ಮಕ್ಕಳು.
ಓದಿ ನಿಟ್ಟುಸಿರು ಬಿಟ್ಟು
ಆದರೂ ಒಂದು ಡಬ್ಬಿ ಹುಳು ಕೊಳ್ಳುತ್ತಾರೆ.
ಹತ್ತಕ್ಕೆ ಈಜುವವರು ಬಂದು ಮರಳನ್ನೆಲ್ಲ ಹಾಸಿಕೊಂಡು ಮಲಗುತ್ತಾರೆ,
ಅಲ್ಲಿಗೆ ಇವರ ಭಾನುವಾರ ಮುಗಿಯಿತು.

ಎರ್ಮಿನಿಯೊ ಮಾತ್ರ ಹಲಗೆ ಓದುವವನಲ್ಲ.
ವಾರದ ಆರು ದಿನ ಕಾರ್ಕ್ ಮರದ ತೊಗಟೆ ಸುಲಿಯುತ್ತಾನೆ.
ಕೊಡಲಿ ಮರದ ಮಾಂಸಕ್ಕೆ ತಾಕಕೂಡದು,
ತೊಗಟೆ ಅಂಗಿಯ ಹಾಗೆ ಇಡಿಯಾಗಿ ಕಳಚಬೇಕು.
ಆ ಕೈಗೆ ಗಾಳದ ತುದಿಯಲ್ಲಿ ಮೀನು ಉಸಿರಾಡಿದ್ದೂ ತಿಳಿಯುತ್ತದೆ.
ಒದ್ದೆ ಗೋಣಿಯಿಂದ ರೊಬಾಲೊ ಬಾಲ ಇಣುಕುತ್ತಿರುತ್ತದೆ.
ಎಲ್ಲಿ ಸಿಕ್ಕಿತು ಮಾರಾಯ?
'ಅಲ್ಲೇ' ಅನ್ನುತ್ತಾನೆ,
ಗದ್ದವೆತ್ತಿ ಇಡೀ ಸಾಗರ ತೋರಿಸಿ.

ಆಗಸ್ಟಿನ ಒಂದು ಶನಿವಾರ ಗಾಳಿ ನಿಂತಿತು.
ದೀಪಸ್ತಂಭದ ಬಾವುಟ ಒಗೆದ ಬಟ್ಟೆಯಂತೆ ಜೋತುಬಿದ್ದಿತ್ತು.
ಹಗ್ಗ ಎಳೆದೆ: ಹತ್ತೊಂಬತ್ತೂವರೆ.
ಇನ್ನೊಮ್ಮೆ ಇಳಿಸಿ ಎಳೆದೆ.
ನೀರು ಅಕ್ಕಚ್ಚಿನಂತೆ ಮಬ್ಬು, ಪಾಚಿಯ ಸುಳಿವಿಲ್ಲ.
ಮೂವತ್ತೊಂದು ಬೇಸಿಗೆ ಬೇರೆಯವರ ಮೀನು ಬರೆದವಳು
ಸೀಮೆಸುಣ್ಣವನ್ನು ಏಪ್ರನ್ ಜೇಬಿಗೆ ಹಾಕಿದೆ,
ಬಾಗಿಲು ಎಳೆದುಕೊಂಡೆ,
ಅಮ್ಮನ ಬಿದಿರ ಕೋಲು, ಒಂದು ಬೊಗಸೆ ಪಚ್ಚಿಲೆ,
ಕತ್ತೆಬೆನ್ನು ಎಂಬ ಬಂಡೆಯ ಹಿಂದೆ ಕೂತೆ.

ಮೊದಲನೆಯದು ತಟ್ಟಿ ಕೇಳಲೇ ಇಲ್ಲ, ಕಿತ್ತುಕೊಂಡೇ ಹೋಯಿತು.
ಬೆಳ್ಳಿ ಮೈ, ಬಾಲದ ಬುಡಕ್ಕೆ ಕಾಡಿಗೆಯ ಬೊಟ್ಟು.
ಆಮೇಲೆ ಇನ್ನೊಂದು. ನಾಲ್ಕು. ಏಳು.
ಎಂಟನೆಯದು ಮೇಲೆ ಬರಲೊಲ್ಲದು.
ಒಂದೇ ಒಂದು ಸಲ ಹೊರಳಿತು,
ಎರಡು ಕಣ್ಣುಗಳ ನಡುವೆ ಚಿನ್ನದ ಪಟ್ಟಿ.
ಹೆಸರು ಬಾಯಿಗೆ ಬರುವಷ್ಟರಲ್ಲಿ
ಕೋಲು ಹಗುರ.
ಗಾಳ ನೋಡಿದರೆ ಮೊಳೆಯಷ್ಟು ನೆಟ್ಟಗೆ.

ಮರುದಿನ ಹಲಗೆಯ ಮೇಲೆ ಬರೆದೆ:
ನೀರು ಹದಿನಾರು. ಪಾಚಿ ಬಹಳ.
ನಿನ್ನೆ: ಏನೂ ಇಲ್ಲ.

ಹಲ್ಲಿನ ಡಾಕ್ಟರು ನಂಬಿದರು. ಕಾರು ತಿರುಗಿಸಿಕೊಂಡು
ಐಸ್‌ಕ್ರೀಮಿನ ಕಡೆ ಹೋದರು.
ಎರ್ಮಿನಿಯೊ ಅಂದು ಮೊದಲ ಬಾರಿಗೆ ಹಲಗೆಯೆದುರು ನಿಂತ,
ಮೇಲಿಂದ ಕೆಳಗೆ ಓದಿದ,
ಆಮೇಲೆ ನನ್ನ ಮೊಣಕೈ ನೋಡಿದ.
ಅಲ್ಲೊಂದು ಒಣಗಿದ ಹುರುಪೆ, ಹೊಳೆಯುತ್ತಿತ್ತು.
'ಹದಿನಾರು' ಅಂದ.
'ಹದಿನಾರು' ಅಂದೆ.

ಎಂದೂ ಕೊಳ್ಳದವನು ಅರ್ಧ ಕಿಲೋ ಪಚ್ಚಿಲೆ ಕೊಂಡ.
ಚಿಲ್ಲರೆ ಮರೆತ.
ಬೂಟಿನ ಸದ್ದು ಹೋದದ್ದು
ಕತ್ತೆಬೆನ್ನಿನ ಕಡೆಗೆ.